ಅಳಿಸಿದರೂ ಮತ್ತೆ ಬರುವ ಗೇರ್ ಕೋಡ್: ಗೇರ್ ಬಾಕ್ಸ್ ಬಿಚ್ಚುವ ಮೊದಲು

ಪೇಟೆಯವರು ಓಡಿಸಿ ಬಿಟ್ಟ ಅಟೋಮ್ಯಾಟಿಕ್ ಕಾರುಗಳು ಈಗ ಹಳ್ಳಿಮನೆಯ ಅಂಗಳಕ್ಕೂ ಬಂದಿವೆ. ಕ್ಲಚ್ ತುಳಿಯುವ ಕೆಲಸವಿಲ್ಲ. ಮೊಣಕಾಲು ನೋವಿನವರೂ ಆರಾಮವಾಗಿ ಓಡಿಸಬಹುದು. ತಲೆನೋವು ಶುರುವಾಗುವುದು ಮೀಟರಿನಲ್ಲಿ ಹಳದಿ ದೀಪ ಹೊತ್ತಿದಾಗ. ಗ್ಯಾರೇಜಿನಲ್ಲಿ ಸ್ಕ್ಯಾನರ್ ಚುಚ್ಚಿ ಕೋಡ್ ಅಳಿಸಿ ಕೊಡುತ್ತಾರೆ. ನಾಲ್ಕು ದಿನ ಸುಮ್ಮನಿದ್ದು ದೀಪ ಪುನಃ ಹಾಜರ್. ಮೂರನೇ ಸಲಕ್ಕೆ ‘ಗೇರ್ ಬಾಕ್ಸೇ ಹೋಗಿದೆ, ಬದಲಿಸಬೇಕು’ ಎಂಬ ಮಾತು ಬರುತ್ತದೆ. ಎಷ್ಟೋ ಸಲ ಆ ಖರ್ಚು ಹಳೆ ಗಾಡಿಯ ಬೆಲೆಯನ್ನೇ ಮುಟ್ಟುತ್ತದೆ.

ಹಾಗೆ ಒಪ್ಪಿಕೊಳ್ಳುವ ಮೊದಲು ನಾವೇ ನೋಡಬಹುದಾದ, ನೋಡಲೇಬೇಕಾದ ಕೆಲವು ಸಂಗತಿಗಳಿವೆ. ಇದಕ್ಕೆ ಇಂಜಿನಿಯರಿಂಗ್ ಓದಬೇಕಾಗಿಲ್ಲ. ಒಂದು ಮಲ್ಟಿಮೀಟರ್, ಒಂದು ಟಾರ್ಚ್, ಒಂದಿಷ್ಟು ತಾಳ್ಮೆ ಇದ್ದರೆ ಸಾಕು.

ಕೋಡ್ ಹೇಳುವುದೇನು?

ಹಳದಿ ಎಲೆ ನೋಡಿದ ಕೂಡಲೇ ಇಂಥದ್ದೇ ರೋಗ ಎನ್ನಲಾಗದು. ನೀರು ಹೆಚ್ಚಾದರೂ ಹಳದಿ, ಕಡಿಮೆಯಾದರೂ ಹಳದಿ. ಕೋಡ್ ಕೂಡ ಹಾಗೆಯೇ. ‘ಈ ಭಾಗ ಕೆಟ್ಟಿದೆ’ ಎಂದು ಅದು ಹೇಳುವುದಿಲ್ಲ. ‘ಈ ದಾರಿಯಲ್ಲಿ ನನಗೆ ಸರಿಯಾದ ಲೆಕ್ಕ ಸಿಗುತ್ತಿಲ್ಲ’ ಎಂದಷ್ಟೇ ಗಾಡಿಯ ಕಂಪ್ಯೂಟರ್ ಹೇಳುತ್ತದೆ.

ಇಂಜಿನ್ ಮತ್ತು ಗೇರಿನ ಕೋಡುಗಳು ‘ಪಿ’ ಅಕ್ಷರದಿಂದ ಶುರುವಾಗುತ್ತವೆ. ಮುಂದಿನ ಅಂಕಿ 0 ಇದ್ದರೆ ಎಲ್ಲ ಕಂಪೆನಿಗೂ ಸಮಾನವಾದ ಕೋಡ್, 1 ಇದ್ದರೆ ಆಯಾ ಕಂಪೆನಿಯ ಸ್ವಂತದ್ದು. ಅದರ ನಂತರದ ಅಂಕಿ 7 ಆದರೆ ವಿಷಯ ಗೇರಿಗೆ ಸಂಬಂಧಿಸಿದ್ದು.

ಪದೇ ಪದೇ ಕಾಣುವುದು ಪಿ 0700. ಇದು ಬರೀ ಅಂಚೆಯವ. ‘ಗೇರಿನ ಕಂಪ್ಯೂಟರಿನಲ್ಲಿ ಒಂದು ದೂರು ಉಂಟು, ಅಲ್ಲಿ ಕೇಳಿ’ ಎಂದಷ್ಟೇ ಇದರ ಅರ್ಥ. ಮೊಬೈಲಿಗೆ ಜೋಡಿಸುವ ಅಗ್ಗದ ಸ್ಕ್ಯಾನರುಗಳಲ್ಲಿ ಹೆಚ್ಚಿನವು ಇಂಜಿನಿನ ಕಂಪ್ಯೂಟರನ್ನು ಮಾತ್ರ ಓದುತ್ತವೆ. ಅವುಗಳಲ್ಲಿ ಪಿ 0700 ಒಂದೇ ಕಂಡರೆ, ಗೇರಿನ ಕಂಪ್ಯೂಟರನ್ನೂ ಓದಬಲ್ಲ ಸ್ಕ್ಯಾನರ್ ಇರುವಲ್ಲಿಗೆ ಹೋಗಿ ಒಳಗಿನ ಕೋಡ್ ಬರೆಸಿಕೊಳ್ಳಿ. ಅದಿಲ್ಲದೆ ಗೇರ್ ಬಾಕ್ಸ್ ಬಿಚ್ಚಲು ಒಪ್ಪಬೇಡಿ.

ಇನ್ನೊಂದು ಮಾತು. ಕೋಡ್ ಬಿದ್ದ ಕ್ಷಣದ ವೇಗ, ಇಂಜಿನಿನ ಸುತ್ತು, ಬಿಸಿ ಇವನ್ನು ಕಂಪ್ಯೂಟರ್ ನೆನಪಿಟ್ಟುಕೊಂಡಿರುತ್ತದೆ. ಅಳಿಸಿದರೆ ಅದೂ ಹೋಗುತ್ತದೆ. ಹಾಗಾಗಿ ಮೊದಲು ಬರೆದಿಡಿ, ಆಮೇಲೆ ಅಳಿಸಿ.

ಯಾವಾಗ ಬರುತ್ತದೆ?

ಕಾರಣದ ಅರ್ಧ ಭಾಗ ಇಲ್ಲೇ ಸಿಗುತ್ತದೆ.

* ಅಳಿಸಿ ಕೀ ತಿರುಗಿಸಿದ ತಕ್ಷಣ ಬಂದರೆ: ವಯರ್ ತುಂಡಾಗಿದೆ, ಶಾರ್ಟ್ ಆಗಿದೆ ಅಥವಾ ಕಪ್ಲರ್ ಕಳಚಿದೆ.
* ಮಳೆಯ ದಿನ, ಗಾಡಿ ತೊಳೆದ ಮರುದಿನ ಬಂದರೆ: ಕಪ್ಲರಿನೊಳಗೆ ನೀರು ಹೋಗಿದೆ.
* ಹೊಂಡಗುಂಡಿಯ ದಾರಿಯಲ್ಲಿ ಬಂದರೆ: ಸಡಿಲ ಜೋಡಣೆ, ಉಜ್ಜಿದ ವಯರ್.
* ಬೆಳಿಗ್ಗೆ ಸ್ಟಾರ್ಟ್ ಮಾಡುವಾಗ ಬಂದರೆ: ಬ್ಯಾಟರಿಯನ್ನು ಮೊದಲು ಸಂಶಯಿಸಿ.
* ಘಾಟಿ ಹತ್ತಿ ಬಿಸಿಯಾದ ಮೇಲೆ ಮಾತ್ರ ಬಂದರೆ: ಆಯಿಲ್, ಸೊಲೆನಾಯ್ಡ್ ಅಥವಾ ಒಳಗಿನ ಸವೆತ.

ಮೊದಲು ಬ್ಯಾಟರಿ ಮತ್ತು ಅರ್ಥ್

ವೋಲ್ಟೇಜ್ ಕುಸಿದರೆ ಗೇರಿನ ಕಂಪ್ಯೂಟರ್ ಇಲ್ಲದ ದೂರು ಹೇಳುತ್ತದೆ. ರಾತ್ರಿಯಿಡೀ ನಿಂತ ಗಾಡಿಯಲ್ಲಿ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸಿದರೆ ಪೂರ್ತಿ ಚಾರ್ಜ್ ಇದೆ ಎಂದು ಲೆಕ್ಕ. ಸ್ಟಾರ್ಟ್ ಮಾಡುವಾಗ ಹತ್ತರಿಂದ ತುಂಬ ಕೆಳಗೆ ಇಳಿಯಬಾರದು. ಇಂಜಿನ್ ಓಡುವಾಗ ಸಾಮಾನ್ಯವಾಗಿ 13.5ರಿಂದ 14.5 ವೋಲ್ಟ್ ಇರಬೇಕು.

ಅರ್ಥ್ ವಯರನ್ನು ಯಾರೂ ನೋಡುವುದಿಲ್ಲ. ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ನೆಗೆಟಿವಿಗೆ, ಇನ್ನೊಂದನ್ನು ಗೇರ್ ಬಾಕ್ಸಿನ ಮೈಯ ಶುದ್ಧ ಲೋಹಕ್ಕೆ ಒತ್ತಿ ಹಿಡಿಯಿರಿ. ಇನ್ನೊಬ್ಬರು ಹ್ಯಾಂಡ್ ಬ್ರೇಕ್ ಎಳೆದು, ಗೇರ್ ‘ಪಿ’ಯಲ್ಲಿಟ್ಟು ಸ್ಟಾರ್ಟ್ ಮಾಡಲಿ. ಅರ್ಧ ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಅರ್ಥಿನ ಬೋಲ್ಟ್ ಬಿಚ್ಚಿ, ತುಕ್ಕು ಉಜ್ಜಿ, ಪುನಃ ಬಿಗಿ ಮಾಡಿ. ನಮ್ಮ ಕರಾವಳಿ, ಮಲೆನಾಡಿನ ತೇವಕ್ಕೆ ಈ ಬೋಲ್ಟ್ ತುಕ್ಕು ಹಿಡಿಯುವುದು ಸಾಮಾನ್ಯ.

ಆಯಿಲ್ ನೋಡಿದರೆ ಗೊತ್ತಾಗುತ್ತದೆ

ಅಟೋಮ್ಯಾಟಿಕ್ ಗೇರಿನಲ್ಲಿ ಆಯಿಲ್ ಬರೀ ಜಾರಲಿಕ್ಕಲ್ಲ. ಗೇರ್ ಹಿಡಿಯುವ ಒತ್ತಡ ಕೊಡುವುದೂ ಅದೇ. ಕಮ್ಮಿಯಾದರೆ ಹಿಡಿತ ತಪ್ಪುತ್ತದೆ. ಹೆಚ್ಚಿನ ಗಾಡಿಗಳಲ್ಲಿ ಸಮತಟ್ಟು ಜಾಗದಲ್ಲಿ, ಬಿಸಿಯಾದ ಮೇಲೆ, ಇಂಜಿನ್ ಓಡುತ್ತಿರುವಾಗ ಅಳತೆ ನೋಡಬೇಕು. ಕೆಲವದರಲ್ಲಿ ಇಂಜಿನ್ ನಿಲ್ಲಿಸಿ. ಅಳತೆ ಕಡ್ಡಿಯೇ ಇಲ್ಲದವೂ ಇವೆ. ಗಾಡಿಯ ಪುಸ್ತಕದಲ್ಲಿ ಹೇಳಿದ ಕ್ರಮವೇ ಸರಿ.

ಹೊಸ ಆಯಿಲ್ ಹೆಚ್ಚಾಗಿ ಕೆಂಪು. ಕಂದು ಬಣ್ಣಕ್ಕೆ ತಿರುಗಿ ಸುಟ್ಟ ವಾಸನೆ ಬಂದರೆ ಒಳಗಿನ ಪ್ಲೇಟುಗಳು ಜಾರಿ ಸುಟ್ಟಿವೆ. ನಸುಗೆಂಪು ಹಾಲಿನ ಹಾಗಿದ್ದರೆ ನೀರು ಸೇರಿದೆ. ರೇಡಿಯೇಟರಿನೊಳಗಿನ ಆಯಿಲ್ ಕೂಲರ್ ತೂತಾಗಿರಬಹುದು. ಆಗ ಗಾಡಿಯನ್ನು ಒಂದು ಮೈಲೂ ಓಡಿಸಬಾರದು. ಆಯಿಲ್ ಹಾಕುವಾಗ ಪುಸ್ತಕದಲ್ಲಿ ಹೇಳಿದ್ದನ್ನೇ ಹಾಕಿ. ಸಿವಿಟಿ ಗಾಡಿಯ ಆಯಿಲೇ ಬೇರೆ, ‘ಎಲ್ಲವೂ ಒಂದೇ’ ಎಂದವರನ್ನು ನಂಬಬೇಡಿ.

ಇಲಿ, ನೀರು, ತುಕ್ಕು

ಅಡಿಕೆ ಶೆಡ್ಡಿನಲ್ಲೋ ಕೊಟ್ಟಿಗೆಯ ಬದಿಯಲ್ಲೋ ನಿಲ್ಲುವ ನಮ್ಮ ಗಾಡಿಗಳಿಗೆ ದೊಡ್ಡ ಶತ್ರು ಇಲಿ. ಬಾನೆಟ್ ಎತ್ತಿ ಟಾರ್ಚ್ ಹಾಕಿ ಗೇರ್ ಬಾಕ್ಸಿಗೆ ಹೋಗುವ ವಯರಿನ ಕಟ್ಟನ್ನು ಬುಡದಿಂದ ತುದಿವರೆಗೆ ಬೆರಳಾಡಿಸಿ ನೋಡಿ. ಕೆಲವೊಮ್ಮೆ ಪೂರ್ತಿ ತುಂಡಾಗಿರುವುದಿಲ್ಲ, ಸಿಪ್ಪೆ ಮಾತ್ರ ತಿಂದಿರುತ್ತದೆ. ಒಣಗಿದಾಗ ಎಲ್ಲ ಸರಿ, ಒದ್ದೆಯಾದಾಗ ಕೋಡ್.

ಕೀ ಆಫ್ ಮಾಡಿ ಕಪ್ಲರ್ ಬಿಚ್ಚಿ. ಪಿನ್ನುಗಳಲ್ಲಿ ಹಸಿರು ಕಿಲುಬು ಇದೆಯೇ? ಒಳಗೆ ಗೇರ್ ಆಯಿಲ್ ಜಿನುಗಿದೆಯೇ? ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ ಹೊಡೆದು, ಒಣಗಿಸಿ, ‘ಟಕ್’ ಎನ್ನುವಂತೆ ಕೂರಿಸಿ. ಕಂಪ್ಯೂಟರಿನ ವಯರಿಗೆ ಸೂಜಿ ಚುಚ್ಚಿ ಟೆಸ್ಟ್ ಮಾಡುವ ಅಭ್ಯಾಸ ಬೇಡ, ಆ ತೂತಿನಿಂದಲೇ ನೀರು ಇಳಿಯುತ್ತದೆ.

ಬ್ರೇಕ್ ತುಳಿದಾಗ ಹಿಂದಿನ ದೀಪ ಹೊತ್ತುತ್ತದೆಯೇ ಎಂದೂ ನೋಡಿ. ಬ್ರೇಕ್ ಸ್ವಿಚ್ ಹೋದರೆ ಅನೇಕ ಗಾಡಿಗಳಲ್ಲಿ ‘ಪಿ’ಯಿಂದ ಗೇರ್ ಹೊರಗೇ ಬಾರದು.

ವಯರಿನ ದೂರೋ, ಒಳಗಿನ ದೂರೋ?

ಒಂದೇ ಸೊಲೆನಾಯ್ಡಿಗೆ ಎರಡು ಬಗೆಯ ಕೋಡ್ ಇವೆ. ಪಿ 0753 ಎಂದರೆ ವಿದ್ಯುತ್ತಿನ ದೂರು. ವಯರ್, ಕಪ್ಲರ್, ಕಾಯಿಲ್ ನೋಡಬೇಕು. ಪಿ 0751 ಎಂದರೆ ಕೆಲಸದ ದೂರು. ಸೊಲೆನಾಯ್ಡಿಗೆ ಆಜ್ಞೆ ಹೋಗಿದೆ, ಕೆಲಸ ಆಗಿಲ್ಲ. ಕೊಳೆ ಆಯಿಲ್, ಅಂಟಿದ ವಾಲ್ವ್ ಇದಕ್ಕೆ ಕಾರಣವಾಗಬಹುದು. ಮೊದಲನೆಯದಕ್ಕೆ ಗೇರ್ ಬಾಕ್ಸ್ ಬದಲಿಸುವ ಮಾತು ಬಂದರೆ ‘ಕಾಯಿಲಿನ ಓಮ್ ಅಳೆದಿದ್ದೀರಾ? ಎಷ್ಟು ಬಂತು?’ ಎಂದು ಕೇಳಿ.

ಪಿ 0715, ಪಿ 0720 ವೇಗ ಅಳೆಯುವ ಸೆನ್ಸರುಗಳದ್ದು. ಅನೇಕ ಸೆನ್ಸರುಗಳ ಮೂತಿಯಲ್ಲಿ ಅಯಸ್ಕಾಂತ ಇರುತ್ತದೆ, ಕಬ್ಬಿಣದ ಹುಡಿ ಅಂಟಿದರೆ ಲೆಕ್ಕ ತಪ್ಪುತ್ತದೆ. ಬಿಚ್ಚಿ ಒರಸುವುದು ಸಣ್ಣ ಕೆಲಸ. ಆದರೆ ಹುಡಿ ತುಂಬ ಇದ್ದರೆ ಒಳಗೆ ಸವೆತ ಇದೆ ಎಂದೂ ಅರ್ಥ.

ಪಿ 0730 ಮತ್ತು ಪಿ 0731ರಿಂದ ಮುಂದಿನವು ಗಂಭೀರ. ಒಳಬರುವ ಸುತ್ತು, ಹೊರಹೋಗುವ ಸುತ್ತು ತಾಳೆಯಾಗುತ್ತಿಲ್ಲ. ಒಂದು ಗೇರಿನ ಲೆಕ್ಕ ಮೂರಕ್ಕೆ ಒಂದು ಎಂದಿಟ್ಟುಕೊಳ್ಳಿ. ಒಳಗೆ 3000 ಸುತ್ತಿದರೆ ಹೊರಗೆ 1000 ಬರಬೇಕು. 800 ಬಂದರೆ ಎಲ್ಲೋ ಜಾರುತ್ತಿದೆ. ಆಯಿಲ್ ಸರಿಯಿದ್ದು, ಸೆನ್ಸರ್ ಸರಿಯಿದ್ದು ಈ ಕೋಡ್ ಬಂದರೆ ಆಗ ಬಿಚ್ಚುವ ಮಾತಿಗೆ ಅರ್ಥವಿದೆ.

ಎಎಂಟಿಯವರಿಗೆ

2014ರಲ್ಲಿ ಮಾರುತಿ ಸೆಲೆರಿಯೊ ಜತೆ ನಮ್ಮ ದೇಶಕ್ಕೆ ಬಂದ ಎಎಂಟಿ ಬೇರೆ ಜಾತಿ. ಒಳಗಿರುವುದು ಮಾಮೂಲಿ ಗೇರ್, ಮಾಮೂಲಿ ಕ್ಲಚ್. ತುಳಿಯುವ, ಎಳೆಯುವ ಕೆಲಸ ಮಾತ್ರ ಯಂತ್ರದ್ದು. ಆ ಯಂತ್ರಕ್ಕೆ ಪ್ರತ್ಯೇಕ ಆಯಿಲ್ ಇದ್ದರೆ ಅದರ ಮಟ್ಟ ನೋಡಿಸಿ. ಕ್ಲಚ್ ಸವೆದರೂ ಕೋಡ್ ಬರುತ್ತದೆ. ಕ್ಲಚ್ ಬದಲಿಸಿದ ಮೇಲೆ ಅದರ ಹಿಡಿತದ ಜಾಗವನ್ನು ಸ್ಕ್ಯಾನರಿನಿಂದ ಕಂಪ್ಯೂಟರಿಗೆ ಕಲಿಸಬೇಕು. ಇದನ್ನು ಬಿಟ್ಟರೆ ಹೊಸ ಕ್ಲಚ್ಚಿಗೂ ಹಳೆ ದೂರೇ.

ದಾರಿಯಲ್ಲಿ ಕೈಕೊಟ್ಟರೆ

ಗಾಡಿ ಒಂದೇ ಗೇರಿನಲ್ಲಿ ಸಿಕ್ಕಿಕೊಂಡು ನಿಧಾನ ಹೋಗುತ್ತಿದ್ದರೆ, ಅದು ಹೆಚ್ಚು ಹಾಳಾಗದಂತೆ ಕಂಪ್ಯೂಟರ್ ಮಾಡಿದ ಉಪಾಯ. ಹತ್ತಿರದ ಗ್ಯಾರೇಜಿಗೆ ಮೆಲ್ಲಗೆ ಒಯ್ಯಬಹುದು, ಘಾಟಿ ಹತ್ತಿಸಬಾರದು. ಜೀಪಿಗೆ ಹಗ್ಗ ಕಟ್ಟಿ ಎಳೆಸುವ ನಮ್ಮ ರೂಢಿ ಅಟೋಮ್ಯಾಟಿಕ್ಕಿಗೆ ಅಪಾಯ. ಇಂಜಿನ್ ನಿಂತರೆ ಆಯಿಲ್ ಪಂಪೂ ನಿಲ್ಲುತ್ತದೆ, ಗೇರುಗಳು ಒಣಗಿ ತಿರುಗುತ್ತವೆ. ಎಳೆಯುವ ಚಕ್ರಗಳನ್ನು ನೆಲದಿಂದ ಎತ್ತಿಸಿ, ಇಲ್ಲವೇ ಲಾರಿಗೆ ಹೇರಿಸಿ.

ಬ್ಯಾಟರಿ ಬಿಚ್ಚಿ ಕೋಡ್ ಅಳಿಸುವವರು ಇನ್ನೊಂದು ನೆನಪಿಡಿ. ಅನೇಕ ಗಾಡಿಗಳಲ್ಲಿ ಗೇರ್ ಬದಲಿಸುವ ಹದವನ್ನು ಕಂಪ್ಯೂಟರ್ ಕಲಿತಿಟ್ಟದ್ದೂ ಮರೆತು ಹೋಗಬಹುದು. ಕೆಲವು ದಿನ ಗೇರ್ ಜಗ್ಗಬಹುದು. ಅದು ಹೊಸ ರೋಗವಲ್ಲ.

ತೋಟದ ಡೈರಿಯಲ್ಲೇ ಗಾಡಿಗೊಂದು ಪುಟ ಇಡಿ. ತಾರೀಕು, ಕೋಡ್, ಮಳೆಯೋ ಬಿಸಿಲೋ, ಏರೋ ಇಳಿತವೋ, ಏನು ಮಾಡಿಸಿದಿರಿ, ಎಷ್ಟು ಕೊಟ್ಟಿರಿ. ಗ್ಯಾರೇಜಿಗೆ ಆ ಪುಟ ಹಿಡಿದು ಹೋದರೆ ಒಳ್ಳೆ ಮೆಕ್ಯಾನಿಕ್‌ಗೆ ಕೆಲಸ ಸುಲಭ. ಅಂದಾಜಿನಲ್ಲಿ ಬಿಚ್ಚುವವರಿಗೆ ಕಷ್ಟ.