ಹಳೆಯ ಕೋವಿಗೆ ಹೊಸ ತಿದ್ದುಪಡಿ

ನಮ್ಮ ಮಲೆನಾಡಿನ ಮಾತಿನಲ್ಲಿ ಕೋವಿಗೆ ಸಂಬಂಧಿಸಿದ ಶಬ್ದಗಳು ಬಲು ಸೊಗಸಾಗಿವೆ. ಬೆರಳಿನಿಂದ ಎಳೆಯುವ ಕೀಲಿಗೆ ಬಿಲ್ಲು ಎನ್ನುತ್ತಾರೆ. ಹಿಂದಕ್ಕೆ ಎತ್ತಿ ನಿಲ್ಲಿಸುವ ಸುತ್ತಿಗೆಗೆ ಕುದುರೆ ಎನ್ನುತ್ತಾರೆ. ಬಿಲ್ಲುಬಾಣಗಳ ಕಾಲ ಕಳೆದು ಹೋದರೂ ಬಿಲ್ಲೆಂಬ ಮಾತು ಉಳಿದುಕೊಂಡಿತು. ಭಾಷೆ ಹೀಗೆ ಹಳೆಯದನ್ನು ಹೊಸದಕ್ಕೆ ಹೊಂದಿಸಿಕೊಂಡರೆ ಯಾರಿಗೂ ಕೇಡಿಲ್ಲ. ಹಳೆಯ ಕೋವಿಯನ್ನೇ ಹೊಸ ಬಯಕೆಗೆ ಹೊಂದಿಸಹೊರಟಾಗ ಮಾತ್ರ ಕೇಡು ಬಹಳ ಸಮೀಪದಲ್ಲಿರುತ್ತದೆ.

ನಾನು ಕನ್ನಡ ಪಾಠ ಹೇಳುವವನು. ಕಾಲೇಜಿನ ಎನ್.ಸಿ.ಸಿ. ದಳದ ಹೊಣೆಯೂ ಕೆಲವು ವರ್ಷ ನನ್ನ ಪಾಲಿಗೆ ಬಂದುದರಿಂದ .೨೨ ರೈಫಲ್ಲಿನ ಪರಿಚಯವಾಯಿತು. ೧೯೪೮ರಲ್ಲಿ ಎನ್.ಸಿ.ಸಿ. ಸ್ಥಾಪನೆಯಾದಂದಿನಿಂದ ಎಷ್ಟೋ ವಿದ್ಯಾರ್ಥಿಗಳು ಜೀವನದಲ್ಲಿ ಮೊದಲು ಗುರಿ ಹಿಡಿದದ್ದು ಇದೇ ರೈಫಲ್ಲಿನಿಂದ. ಇದರ ಸದ್ದು ಸಣ್ಣದು. ಹೆಗಲಿಗೆ ಒದೆತ ಇಲ್ಲವೆನ್ನುವಷ್ಟು ಅಲ್ಪ. ತೋಟಾ ಕಿರುಬೆರಳಿನ ಅರ್ಧಕ್ಕೂ ಬಾರದು. ಆದುದರಿಂದಲೇ ಇದನ್ನು ಆಟಿಕೆಯೆಂದು ಬಗೆಯುವ ಭ್ರಾಂತಿ ಹುಟ್ಟುತ್ತದೆ. ಅದರ ಗುಂಡು ಒಂದೂವರೆ ಮೈಲಿಯವರೆಗೂ ಅಪಾಯಕಾರಿ ಎಂಬ ಎಚ್ಚರಿಕೆ ತೋಟಾ ಪೆಟ್ಟಿಗೆಗಳ ಮೇಲೆ ಅಚ್ಚಾಗಿರುವುದನ್ನು ಓದುವವರು ಕಡಿಮೆ.

ಈ ತೋಟಾದ ರಚನೆಯನ್ನು ತಿಳಿದರೆ ಉಳಿದುದೆಲ್ಲ ತಿಳಿಯುತ್ತದೆ. ದೊಡ್ಡ ರೈಫಲ್ಲುಗಳ ತೋಟಾಕ್ಕೆ ಕಿಡಿಮದ್ದಿನ ಕೇಪು ಬುಡದ ನಡುವೆ ಇರುತ್ತದೆ. ರಿಮ್‌ಫೈರ್ ಎಂದು ಕರೆಯುವ ಈ ಬಗೆಯಲ್ಲಿ ಅದು ಬುಡದ ಸುತ್ತಲಿನ ಮಡಿಕೆಯಂಚಿನೊಳಗೆ ಅಡಗಿರುತ್ತದೆ. ರೈಫಲ್ಲಿನ ಪಿನ್ನು ಆ ಅಂಚನ್ನು ನಳಿಗೆಯ ಬಾಯಿಗೆ ಒತ್ತಿ ಜಜ್ಜಿದಾಗ ಕಿಡಿ ಏಳುತ್ತದೆ. ಹೀಗೆ ಜಜ್ಜಬೇಕಾದರೆ ಅಂಚು ತೆಳ್ಳಗೆ, ಮೆತ್ತಗೆ ಇರಲೇಬೇಕು. ಅದರ ದಪ್ಪ ಹೆಚ್ಚುಕಡಮೆ ಒಂದು ಮಿಲಿಮೀಟರು. ಸಿಡಿತದ ಒತ್ತಡವನ್ನು ತಡೆಯಬೇಕಾದುದೂ ಆ ತೆಳು ಅಂಚೇ. ಅದು ಹಿಂದಿನಿಂದ ಆಧಾರವಿಲ್ಲದೆ ನಿಂತರೆ ಹರಿದು, ಬಿಸಿಯ ಅನಿಲವೂ ಹಿತ್ತಾಳೆಯ ಚೂರೂ ಗುರಿ ಹಿಡಿದವನ ಕಣ್ಣಿನ ಕಡೆಗೇ ಬರುತ್ತವೆ.

೧೮೪೫ರಲ್ಲಿ ಪ್ಯಾರಿಸಿನ ಫ್ಲೋಬೇರ್ ಇಂಥ ಪುಟ್ಟ ತೋಟಾವನ್ನು ಮನೆಯ ಹಜಾರದಲ್ಲಿ ಗುರಿ ಹೊಡೆಯುವ ವಿನೋದಕ್ಕಾಗಿ ರೂಪಿಸಿದನು. ೧೮೫೭ರಲ್ಲಿ ಅಮೆರಿಕದ ಸ್ಮಿತ್ ಅಂಡ್ ವೆಸನ್ ಅದನ್ನು ಪಿಸ್ತೂಲಿಗೆ ಬೆಳೆಸಿತು. ಇಂದು ಲೋಕವೆಲ್ಲ ಬಳಸುವ ಲಾಂಗ್ ರೈಫಲ್ ತೋಟಾ ೧೮೮೭ರಲ್ಲಿ ಬಂದಿತು. ಆಗಿನ ಮದ್ದು ಹೊಗೆ ಕಾರುವ ಕರಿಮದ್ದು. ಆಗಿನ ರೈಫಲ್ಲುಗಳು ಅದರ ಒತ್ತಡಕ್ಕೆ ತಕ್ಕಂತೆ ಆದವು. ೧೯೩೦ರ ಸುಮಾರಿಗೆ ಹೆಚ್ಚು ವೇಗದ ತೋಟಾಗಳು ಪೇಟೆಗೆ ಬಂದವು. ತೋಟಾದ ಅಳತೆ ಬದಲಾಗಲಿಲ್ಲ, ಬಲ ಬದಲಾಯಿತು. ಅಜ್ಜನ ರೈಫಲ್ಲಿನಲ್ಲಿ ಮೊಮ್ಮಗನ ತೋಟಾ ಸಲೀಸಾಗಿ ಕೂರುತ್ತದೆ. ಕೂತುದೆಲ್ಲ ಒಪ್ಪುತ್ತದೆಯೆಂದು ಭಾವಿಸುವುದೇ ಮೊದಲ ತಪ್ಪು. ೧೯೬೮ರ ಕಾನೂನು ಬರುವವರೆಗೆ ಅಮೆರಿಕದಲ್ಲಿ ತಯಾರಾದ ಎಷ್ಟೋ ಅಗ್ಗದ .೨೨ಗಳ ಮೇಲೆ ಸಂಖ್ಯೆಯೇ ಇಲ್ಲದುದರಿಂದ ಅವುಗಳ ವಯಸ್ಸನ್ನು ಹೇಳುವುದೂ ಕಷ್ಟ.

ವಯಸ್ಸಾದ ರೈಫಲ್ಲಿಗೆ ಅದರದೇ ರೋಗಗಳಿವೆ. ತೋಟಾ ಇಲ್ಲದೆ ಬಿಲ್ಲೆಳೆಯುವ ಅಭ್ಯಾಸದಿಂದ ಪಿನ್ನು ನಳಿಗೆಯ ಬಾಯಂಚನ್ನೇ ಬಡಿದು ತಗ್ಗು ಮಾಡುತ್ತದೆ. ಅನಂತರ ತೋಟಾ ಪೂರ್ತಿ ಒಳಗೆ ಕೂರದು. ಹಳೆಯ ಎಣ್ಣೆ ಗಟ್ಟಿಯಾಗಿ ಪಿನ್ನು ಮುಂದಕ್ಕೆ ಚಾಚಿ ಸಿಕ್ಕಿಕೊಂಡರೆ, ಬೋಲ್ಟನ್ನು ಮುಚ್ಚುವಾಗಲೇ ಈಡು ಹಾರಬಹುದು. ದುರ್ಬಲ ತೋಟಾದ ಗುಂಡು ನಳಿಗೆಯಲ್ಲೇ ನಿಂತಿದ್ದು, ಅದರ ಹಿಂದೆ ಇನ್ನೊಂದು ಈಡು ಹಾರಿಸಿದರೆ ನಳಿಗೆ ಉಬ್ಬುತ್ತದೆ, ಇಲ್ಲವೇ ಒಡೆಯುತ್ತದೆ.

ಕೆಲವು ವರ್ಷಗಳ ಹಿಂದೆ ಹಳೆಯ ವಿದ್ಯಾರ್ಥಿಯೊಬ್ಬ ನನಗೆ ಪತ್ರ ಬರೆದಿದ್ದ. ಈಗ ಕಾಫಿತೋಟ ನೋಡಿಕೊಂಡಿರುವವನು. "ಗುರುಗಳೇ, ತಾತನ ಕಾಲದ ವಿಲಾಯತಿ .೨೨ ನನ್ನ ಹೆಸರಿನ ಲೈಸೆನ್ಸಿಗೆ ಬಂದಿದೆ. ಬಿಲ್ಲು ಬಹಳ ಬಿಗಿ. ಊರಿನ ಕಮ್ಮಾರ ಅದನ್ನು ಹಗುರ ಮಾಡಿ, ನಳಿಗೆಯನ್ನೂ ಒಂದು ಗೇಣು ಕತ್ತರಿಸಿಕೊಡುತ್ತೇನೆ ಎನ್ನುತ್ತಾನೆ. ಮಗನಿಗೂ ಹತ್ತು ತುಂಬಿತು, ಕಲಿಸಬೇಕೆಂದಿದ್ದೇನೆ" ಎಂದಿತ್ತು. ನಾನು ಆ ದಿನವೇ ಉತ್ತರ ಬರೆದೆ. ಬಿಲ್ಲನ್ನು ಹಗುರ ಮಾಡುವುದೆಂದರೆ ಕುದುರೆಯನ್ನು ತಡೆದು ನಿಲ್ಲಿಸಿರುವ ಕೂದಲೆಳೆಯಷ್ಟು ಉಕ್ಕನ್ನು ಅರದಿಂದ ಸವೆಸುವುದು. ಸವೆದದ್ದು ಸ್ವಲ್ಪ ಹೆಚ್ಚಾದರೂ ರೈಫಲ್ಲು ನೆಲಕ್ಕೆ ಬಿದ್ದ ಪೆಟ್ಟಿಗೇ ಈಡು ಹಾರುತ್ತದೆ. ೧೯೫೯ರ ಆಯುಧ ಕಾಯಿದೆಯ ಪ್ರಕಾರ ಲೈಸೆನ್ಸಿಲ್ಲದೆ ಕೋವಿಯನ್ನು ರಿಪೇರಿ ಮಾಡುವ ವೃತ್ತಿಯೂ ನಳಿಗೆಯನ್ನು ಮೊಟಕುಗೊಳಿಸುವ ಕೆಲಸವೂ ಅಪರಾಧ. ಇವಿಷ್ಟನ್ನೂ ತಿಳಿಸಿ, ಪರವಾನಗಿ ಪಡೆದ ಕೋವಿ ಕುಶಲಿಗೆ ತೋರಿಸೆಂದೆ. ತೋರಿಸಿದಾಗ, ತಡೆಗೀಲು ಹಾಕಿದ್ದರೂ ಮರದ ಸುತ್ತಿಗೆಯ ಒಂದು ತಟ್ಟಿಗೆ ಪಿನ್ನು ಜಾರುತ್ತಿದ್ದುದು ಕಂಡಿತಂತೆ. ಬಿಗಿಯೆಂದು ಅವನು ಬೈಯುತ್ತಿದ್ದ ಬಿಲ್ಲಿನ ಒಳಗೆ ಕೊಂಡಿ ಆಗಲೇ ಸವೆದು ಹೋಗಿತ್ತು.

ಹಾಗೆಂದು ಮಾರ್ಪಾಡೆಲ್ಲ ಪಾಪವಲ್ಲ. ಬೋಯರ್ ಯುದ್ಧವು ೧೯೦೨ರಲ್ಲಿ ಮುಗಿದ ಮೇಲೆ ಬ್ರಿಟಿಷರು ಅಗ್ಗದ ಅಭ್ಯಾಸಕ್ಕಾಗಿ ತಮ್ಮ .೩೦೩ ಲೀ-ಎನ್‌ಫೀಲ್ಡ್ ರೈಫಲ್ಲುಗಳನ್ನೇ .೨೨ಕ್ಕೆ ಬದಲಾಯಿಸಿದರು. ಹಳೆಯ ನಳಿಗೆಯೊಳಗೆ ಸಣ್ಣ ನಳಿಗೆಯನ್ನು ಕೂರಿಸುವ ಪದ್ಧತಿಯೂ ಇತ್ತು. ಪಿನ್ನು ನಡುವಿಗೆ ಬದಲು ಅಂಚಿಗೆ ಬಡಿಯುವಂತೆ ಬೋಲ್ಟಿನ ತಲೆಯನ್ನೇ ಹೊಸದಾಗಿ ಮಾಡಿದರು. ಒಂದನ್ನು ಬದಲಿಸಿದಾಗ ಅದನ್ನು ಅವಲಂಬಿಸಿದ ಎಲ್ಲವನ್ನೂ ಬದಲಿಸಿದರು. ಅಲ್ಲಿ ೧೮೧೩ರಿಂದ ಬರ್ಮಿಂಗ್‌ಹ್ಯಾಮಿನಲ್ಲಿ ಪರೀಕ್ಷಾಗೃಹವೊಂದಿದೆ. ವಾಡಿಕೆಗಿಂತ ಹೆಚ್ಚಿನ ಬಲದ ಈಡು ಹಾರಿಸಿ, ತಾಳಿಕೊಂಡ ನಳಿಗೆಗೆ ಮಾತ್ರ ಮುದ್ರೆ ಒತ್ತುತ್ತಾರೆ.

ಇದಕ್ಕೆ ವಿರುದ್ಧವಾದ ಉದಾಹರಣೆಯೂ ಇದೆ. ವಿಂಚೆಸ್ಟರ್ ಕಂಪೆನಿ ತನ್ನ ೧೮೯೦ರ ಮಾದರಿಯ ರೈಫಲ್ಲಿನೊಡನೆ ಡಬ್ಲ್ಯು.ಆರ್.ಎಫ್. ಎಂಬ ತೋಟಾವನ್ನು ತಂದಿತ್ತು. ೧೯೫೯ರಲ್ಲಿ ಅದೇ ಕಂಪೆನಿಯ ಮ್ಯಾಗ್ನಮ್ ತೋಟಾ ಬಂದಿತು. ರೂಪದಲ್ಲಿ ಅದು ಹಳೆಯದರ ಉದ್ದವಾದ ತಮ್ಮ, ಬಲದಲ್ಲಿ ಬಹಳ ಹಿರಿಯ. ತೋಟಾ ಕೂರುವ ಜಾಗವನ್ನು ಕೊಂಚ ಕೊರೆದರೆ ಹಳೆಯ ರೈಫಲ್ಲಿನಲ್ಲಿ ಹೊಸದು ಹಿಡಿಯುತ್ತದೆಂದು ಕೆಲವರು ಕೊರೆಸಿಕೊಂಡರು. ಜಾಗ ಉದ್ದವಾಯಿತು, ಉಕ್ಕು ಮಾತ್ರ ೧೮೯೦ರ ಲೆಕ್ಕದ್ದೇ ಆಗಿ ಉಳಿಯಿತು.

ಕೊಡಗಿನ ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗೆ ತೋಕುಪೂವನ್ನಿಟ್ಟು ಪೂಜಿಸುವುದುಂಟು. ಅಲ್ಲಿನ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಲೈಸೆನ್ಸಿನ ವಿನಾಯಿತಿ ಇದೆ. ೨೦೧೯ರಲ್ಲಿ ಅದನ್ನು ೨೦೨೯ರವರೆಗೆ ಮುಂದುವರಿಸಲಾಯಿತು. ಪೂಜೆಗೆ ಮುನ್ನ ಕೋವಿಯನ್ನು ಒರೆಸಿ ಶುಚಿಮಾಡುವ ಕೈಗಳು ಅದೇ ಹೊತ್ತಿಗೆ ಅದರ ಕೀಲುಗಳನ್ನೂ ನಳಿಗೆಯನ್ನೂ ಪರೀಕ್ಷಿಸಿದರೆ ಪೂಜೆ ಇನ್ನಷ್ಟು ಸಾರ್ಥಕ. ಲೈಸೆನ್ಸಿಗೆ ವಿನಾಯಿತಿ ಸಿಕ್ಕೀತು, ಎಚ್ಚರಕ್ಕೆ ಸಿಕ್ಕದು.

ಹಸ್ತಪ್ರತಿಗಳನ್ನು ಓದುವ ನಮಗೆ ಒಂದು ನಿಯಮವಿದೆ: ಅರ್ಥವಾಗದ ಅಕ್ಷರವನ್ನು ತಿದ್ದಬಾರದು. ಅಲ್ಲಿ ತಪ್ಪಾದರೆ ಒಂದು ಪದ್ಯ ಕೆಡುತ್ತದೆ, ಮುಂದಿನವನು ಸರಿಪಡಿಸಿಯಾನು. ಕೋವಿಯ ವಿಷಯದಲ್ಲಿ ಸರಿಪಡಿಸುವ ಅವಕಾಶ ಎರಡನೆಯ ಸಲ ಬಾರದು. ಹಿರಿಯರಿಂದ ಬಂದ ರೈಫಲ್ಲಿದ್ದವರು ಅದರ ನಳಿಗೆಯ ಮೇಲೆ ಕೊರೆದಿರುವ ತೋಟಾದ ಹೆಸರನ್ನು ಓದಲಿ, ಅದನ್ನೇ ಬಳಸಲಿ, ಬಳಸುವ ಮುನ್ನ ಬಲ್ಲವರಿಗೆ ತೋರಿಸಲಿ, ಕಣ್ಣಿಗೆ ಕನ್ನಡಕ ಧರಿಸಲಿ. ಬಲ್ಲವರು ಬೇಡವೆಂದರೆ ಗೋಡೆಗೆ ತೂಗುಹಾಕಲಿ. ಗೋಡೆಯ ಮೇಲಿನ ಕೋವಿಯಿಂದ ಅಜ್ಜನ ಗೌರವಕ್ಕೇನೂ ಕುಂದಿಲ್ಲ.