ಆದೇಶಕ್ಕೊಂದು ವೈರು, ರಶೀದಿಗೊಂದು ವೈರು: ಎಂಜಿನ್ ಬದಲಿಸಿದ ಕಾರಿನ ‘ವಿಟೆಕ್’ ಕಥೆ

ಹೋಂಡಾ ಸಿಟಿ ಕಾರಿನ 1.5 ಲೀಟರ್ ಮಾದರಿ 2000ದಲ್ಲಿ ‘ವಿಟೆಕ್’ ಎಂಬ ಹೆಸರು ಹೊತ್ತು ಭಾರತದ ರಸ್ತೆಗಿಳಿದಾಗ ಮುಂಬಯಿಯ ಕಾರುಪ್ರಿಯರ ಬಾಯಲ್ಲಿ ಅದೇ ಮಾತು. 106 ಅಶ್ವಶಕ್ತಿಯ ಆ ಕಾರನ್ನು ಇಂದಿಗೂ ನೆನೆಯುವವರಿದ್ದಾರೆ. ಆದರೆ ಸಾದಾ ಎಂಜಿನ್ ಇಳಿಸಿ ವಿಟೆಕ್ ಎಂಜಿನ್ ಕೂರಿಸುವ ಹವ್ಯಾಸ ಬೇರೂರಿದ್ದು ಅಮೆರಿಕದಲ್ಲಿ, ಅದರಲ್ಲೂ ಕ್ಯಾಲಿಫೋರ್ನಿಯಾದಲ್ಲಿ. ನಮ್ಮ ಸಂಘಗಳ ಸದಸ್ಯರ ಮಕ್ಕಳಲ್ಲಿ ಓದಿಗೆ, ಉದ್ಯೋಗಕ್ಕೆಂದು ಅಲ್ಲಿಗೆ ಹೋದವರು ಕಡಿಮೆಯಿಲ್ಲ. ಹಳೆಯ ಸಿವಿಕ್ ಕಾರು ಕೊಂಡ ಮಗ ‘ಎಂಜಿನ್ ಬದಲಾಯಿಸ್ತೇನೆ ಪಪ್ಪಾ’ ಎಂದು ಫೋನಿನಲ್ಲಿ ಹೇಳಿದರೆ ಇಲ್ಲಿರುವ ತಂದೆಗೆ ಅರ್ಥವಾಗುವುದು ಖರ್ಚಿನ ಮಾತು ಮಾತ್ರ. ಆ ಖರ್ಚು ಸಾರ್ಥಕವಾಗುವುದು ಎರಡು ಸಣ್ಣ ವೈರುಗಳಿಂದ ಎಂಬುದು ಮಗನಿಗೂ ಎಷ್ಟೋ ಸಲ ಗೊತ್ತಿರುವುದಿಲ್ಲ.

ಎಂಜಿನ್ ಉಸಿರಾಡುವುದು ವಾಲ್ವ್‌ಗಳ ಮೂಲಕ. ಅವನ್ನು ಎಷ್ಟು ತೆರೆಯಬೇಕು, ಎಷ್ಟು ಹೊತ್ತು ತೆರೆದಿಡಬೇಕು ಎಂಬುದನ್ನು ಕ್ಯಾಮ್ ಎಂಬ ಉಬ್ಬು ನಿರ್ಧರಿಸುತ್ತದೆ. ಸ್ಟೇಷನ್‌ಗೆ ನಿಧಾನವಾಗಿ ನಡೆದುಹೋಗುವವನಿಗೆ ಬೇಕಾದ ಉಸಿರೇ ಬೇರೆ, ಹೊರಟುಬಿಟ್ಟ ಫಾಸ್ಟ್ ಲೋಕಲ್ ಹಿಡಿಯಲು ಓಡುವವನಿಗೆ ಬೇಕಾದ ಉಸಿರೇ ಬೇರೆ. ಸಾದಾ ಎಂಜಿನ್‌ನಲ್ಲಿ ಎರಡಕ್ಕೂ ಒಂದೇ ಕ್ಯಾಮ್. ಹೋಂಡಾ ಕಂಪೆನಿ 1989ರಲ್ಲಿ ಜಪಾನಿನ ಇಂಟೆಗ್ರಾ ಕಾರಿನಲ್ಲಿ ವಿಟೆಕ್ ತಂದು, 1.6 ಲೀಟರ್ ಎಂಜಿನ್‌ನಿಂದ 160 ಅಶ್ವಶಕ್ತಿ ತೆಗೆಯಿತು. ಟರ್ಬೊ ಇಲ್ಲದೆ ಲೀಟರಿಗೆ 100 ಎಂಬುದು ಆ ಕಾಲಕ್ಕೆ ಸಣ್ಣ ಮಾತಲ್ಲ.

ಹವ್ಯಾಸಿಗಳು ಹೆಚ್ಚಾಗಿ ಕೈಹಾಕುವ ಜೋಡಿಯನ್ನೇ ನೋಡೋಣ. 1992ರಿಂದ 1995ರ ವರೆಗಿನ ಅಮೆರಿಕದ ಸಿವಿಕ್ ಡಿಎಕ್ಸ್ ಕಾರಿನಲ್ಲಿದ್ದುದು 102 ಅಶ್ವಶಕ್ತಿಯ ‘ಡಿ15ಬಿ7’ ಎಂಜಿನ್. ಅದೇ ವರ್ಷಗಳ ಸಿವಿಕ್ ಎಸ್‌ಐ ಕಾರಿನ ‘ಡಿ16ಝಡ್6’ ವಿಟೆಕ್ ಎಂಜಿನ್‌ನದು 125. ಇವೆರಡೂ ಒಂದೇ ಕುಟುಂಬದವು. ಹೀಗಾಗಿ ಹಳೆಯದನ್ನು ಇಳಿಸಿದ ಜಾಗದಲ್ಲೇ, ಅದೇ ಮೌಂಟ್‌ಗಳ ಮೇಲೆ ಹೊಸದು ಕೂರುತ್ತದೆ. ಸ್ಟಾರ್ಟ್ ಮಾಡಿದರೆ ಓಡುತ್ತದೆ ಕೂಡ. ಮೋಸ ಹೋಗುವುದು ಇಲ್ಲಿಯೇ. ಓಡಿತು ಎಂದ ಮಾತ್ರಕ್ಕೆ ವಿಟೆಕ್ ಕೆಲಸ ಮಾಡುತ್ತಿದೆ ಎಂದರ್ಥವಲ್ಲ. ಡಿಎಕ್ಸ್ ಕಾರಿನ ‘ಪಿ06’ ಇಸಿಯು, ಅಂದರೆ ಎಂಜಿನ್‌ನ ಕಂಪ್ಯೂಟರ್ ಪೆಟ್ಟಿಗೆಗೆ ವಿಟೆಕ್ ಎಂದರೇನೆಂದೇ ಗೊತ್ತಿಲ್ಲ. ಅದರ ಬದಲು ‘ಪಿ28’ ಎಂಬ ಇಸಿಯು ಹಾಕಬೇಕು. ಅದಕ್ಕೆ ಸಲ್ಲಬೇಕಾದ ವೈರುಗಳು ಕಾರಿನಲ್ಲಿ ಇಲ್ಲದಿರುವುದರಿಂದ ಹೊಸದಾಗಿ ಎಳೆಯಬೇಕು.

ಒಳಗೆ ನಡೆಯುವುದಿಷ್ಟು. ಪ್ರತಿ ಸಿಲಿಂಡರಿನಲ್ಲಿ ಗಾಳಿ ಒಳಬರುವ ಕಡೆ ಮೂರು ರಾಕರ್ ಆರ್ಮ್‌ಗಳಿವೆ. ಮಧ್ಯದ್ದರ ಮೇಲೆ ದೊಡ್ಡ ಕ್ಯಾಮ್. ಸುಮಾರು 4,800 ಆರ್‌ಪಿಎಂ ಹೊತ್ತಿಗೆ ಇಸಿಯು ಸೊಲೆನಾಯ್ಡ್‌ಗೆ 12 ವೋಲ್ಟ್ ಕಳುಹಿಸುತ್ತದೆ. ಸೊಲೆನಾಯ್ಡ್ ಆಯಿಲ್‌ನ ದಾರಿ ತೆರೆಯುತ್ತದೆ. ಆಯಿಲ್ ಒತ್ತಡಕ್ಕೆ ಪಿನ್ನುಗಳು ಸರಿದು ಮೂರೂ ರಾಕರ್‌ಗಳನ್ನು ಒಂದಾಗಿ ಬಿಗಿಯುತ್ತವೆ. ಅಲ್ಲಿಂದ ಮುಂದೆ ದೊಡ್ಡ ಕ್ಯಾಮ್‌ನದೇ ಕಾರುಬಾರು.

ಸೊಲೆನಾಯ್ಡ್‌ಗೆ ಹೋಗುವುದು ಒಂದೇ ವೈರು; ಅದರ ಅರ್ತ್ ಎಂಜಿನ್ ಬಾಡಿಯ ಮೂಲಕ. ಇಸಿಯುವಿನ ‘ಎ4’ ಪಿನ್ನಿನಿಂದ ಈ ವೈರು ಹೊರಡುತ್ತದೆ. ಇದು ಆದೇಶ. ಪಕ್ಕದಲ್ಲೇ ಇರುವ ಪ್ರೆಷರ್ ಸ್ವಿಚ್‌ಗೆ ಎರಡು ವೈರು: ಒಂದು ಅರ್ತ್‌ಗೆ, ಇನ್ನೊಂದು ಇಸಿಯುವಿನ ‘ಡಿ6’ ಪಿನ್ನಿಗೆ. ಇದು ರಶೀದಿ. ಒತ್ತಡ ಇಲ್ಲದಾಗ ಸ್ವಿಚ್ ಕೂಡಿಕೊಂಡಿರುತ್ತದೆ, ಆಯಿಲ್ ಒತ್ತಡ ಬಂದಾಗ ಬಿಡಿಸಿಕೊಳ್ಳುತ್ತದೆ. ಆದೇಶ ಕೊಟ್ಟ ಮೇಲೆ ಸ್ವಿಚ್ ಬಿಡಿಸಿಕೊಂಡಿತೆಂದರೆ ಆಯಿಲ್ ತಲುಪಿದೆ ಎಂದು ಇಸಿಯುವಿಗೆ ಖಾತ್ರಿ. ತಲುಪದಿದ್ದರೆ ಅದು ಆದೇಶ ಹಿಂತೆಗೆದು, ಡ್ಯಾಶ್‌ಬೋರ್ಡಿನಲ್ಲಿ ‘ಚೆಕ್ ಎಂಜಿನ್’ ದೀಪ ಹೊತ್ತಿಸಿ, ಸಣ್ಣ ಕ್ಯಾಮ್‌ನಲ್ಲೇ ಗಾಡಿ ಓಡಿಸುತ್ತದೆ.

ಕೆಲವು ಕಡೆ ಈ ರಶೀದಿಯ ವೈರು ಎಳೆಯುವ ತೊಂದರೆಯೇ ಬೇಡವೆಂದು ‘ಎ4’ ಮತ್ತು ‘ಡಿ6’ ಎರಡನ್ನೂ ಒಂದು ತುಂಡು ವೈರಿನಿಂದ ಸೇರಿಸಿಬಿಡುತ್ತಾರೆ. ಉಪಾಯ ಕೆಲಸ ಮಾಡುತ್ತದೆ. ಆದೇಶ ಇಲ್ಲದಾಗ ಡಿ6ಗೆ ಸೊಲೆನಾಯ್ಡ್ ಸುರುಳಿಯ ಮೂಲಕ ಅರ್ತ್ ಸಿಗುತ್ತದೆ. ಆದೇಶ ಬಂದಾಗ 12 ವೋಲ್ಟ್ ಸಿಗುತ್ತದೆ. ಇಸಿಯು ಸಮಾಧಾನದಿಂದಿರುತ್ತದೆ, ದೀಪವೂ ಹೊತ್ತುವುದಿಲ್ಲ. ಬ್ಯಾಂಕಿನ ಭಾಷೆಯಲ್ಲಿ ಹೇಳುವುದಾದರೆ, ವೋಚರ್ ಬರೆದವನೇ ‘ಹಣ ಸಂದಾಯವಾಗಿದೆ’ ಎಂದು ಸಹಿ ಹಾಕಿದಂತೆ. ಲೆಕ್ಕ ತಾಳೆಯಾಗುತ್ತದೆ, ತಿಜೋರಿಯಲ್ಲಿ ಹಣ ಇದೆಯೋ ಇಲ್ಲವೋ ಯಾರೂ ನೋಡಿಲ್ಲ. ಆಯಿಲ್ ಕಡಿಮೆಯಾಗಿ ಒತ್ತಡ ಕುಸಿದ ದಿನವೂ ಆ ಇಸಿಯು 7,000 ಆರ್‌ಪಿಎಂ ವರೆಗೆ ದೊಡ್ಡ ಕ್ಯಾಮ್‌ನ ಆದೇಶ ಕೊಡುತ್ತಲೇ ಇರುತ್ತದೆ. ಬೇರಿಂಗ್ ಕಚ್ಚಿದ ಮೇಲೆ ಎಂಜಿನ್ ಮತ್ತೆ ಇಳಿಸಬೇಕು. ಒಂದು ಸ್ವಿಚ್, ನಾಲ್ಕಾರು ಅಡಿ ವೈರು ಉಳಿಸಲು ಹೋದುದರ ಬೆಲೆ ಅದು. ಸೀಟಿನ ಬಳಿ ಕೈಯಿಂದ ಒತ್ತುವ ಸ್ವಿಚ್ ಇಟ್ಟು ಸೊಲೆನಾಯ್ಡ್‌ಗೆ ನೇರ ಕರೆಂಟು ಕೊಡುವ ಪ್ರಚಂಡರೂ ಇದ್ದಾರೆ. ಅವರ ಬಗ್ಗೆ ಹೇಳದಿರುವುದೇ ಲೇಸು.

ಸರಿಯಾದ ಕೆಲಸ ಅಂಥ ಕಷ್ಟದ್ದೇನೂ ಅಲ್ಲ. ಮೊದಲು ಬ್ಯಾಟರಿಯ ನೆಗೆಟಿವ್ ಬಿಚ್ಚಬೇಕು. ಈ ಸಿವಿಕ್‌ನಲ್ಲಿ ಇಸಿಯು ಇರುವುದು ಚಾಲಕನ ಪಕ್ಕದ ಸೀಟಿನವರ ಕಾಲ ಬಳಿ, ಕಾರ್ಪೆಟ್ಟಿನ ಹಿಂದೆ. ಅದಕ್ಕೆ ಎ, ಬಿ, ಡಿ ಎಂಬ ಮೂರು ಪ್ಲಗ್‌ಗಳು (ಸಿ ಎಂಬುದೇ ಇಲ್ಲ, ಹುಡುಕಿ ಹೈರಾಣಾಗುವುದು ಬೇಡ). ಹೊಸ ವೈರಿಗೆ ಸರಿಯಾದ ಟರ್ಮಿನಲ್ ಒತ್ತಿ ಖಾಲಿ ಪಿನ್ನಿನ ಜಾಗದಲ್ಲಿ ಕೂರಿಸಬೇಕು. ಪಕ್ಕದ ವೈರನ್ನು ಸುಲಿದು ಸುತ್ತಿದರೆ ಮಳೆಗಾಲ ದಾಟುವುದಿಲ್ಲ. ಎಂಜಿನ್ ಕಡೆಗೆ ವೈರು ಹೋಗುವ ತೂತಿನಲ್ಲಿ ರಬ್ಬರ್ ಇರಲೇಬೇಕು, ಇಲ್ಲದಿದ್ದರೆ ತಗಡು ವೈರನ್ನು ಕೊಯ್ಯುತ್ತದೆ. ಗುಜರಿಯಿಂದ ಎಂಜಿನ್ ತರುವಾಗಲೇ ಸೊಲೆನಾಯ್ಡ್ ಮತ್ತು ಸ್ವಿಚ್‌ನ ಪ್ಲಗ್‌ಗಳನ್ನು ಒಂದಡಿ ವೈರು ಸಮೇತ ಕತ್ತರಿಸಿ ತಂದರೆ ಅರ್ಧ ಕೆಲಸ ಮುಗಿದಂತೆ.

ಪರೀಕ್ಷೆಗೆ ಮಲ್ಟಿಮೀಟರ್ ಸಾಕು. ಸೊಲೆನಾಯ್ಡ್‌ನ ರೆಸಿಸ್ಟೆನ್ಸ್ 14ರಿಂದ 30 ಓಮ್ ಒಳಗಿರಬೇಕು. ಆಮೇಲೆ ಗ್ಯಾರೇಜಿನಲ್ಲಿ ನಿಂತಲ್ಲೇ ಎಕ್ಸಿಲರೇಟರ್ ಒತ್ತಿ ‘ವಿಟೆಕ್ ಬರುತ್ತಿಲ್ಲ’ ಎಂದು ವೈರಿಂಗ್ ಮಾಡಿದವನನ್ನು ಬೈಯುವವರು ಬಹಳ. ನಿಂತ ಗಾಡಿಯಲ್ಲಿ ಅದು ಬರುವುದೇ ಇಲ್ಲ. ಆರ್‌ಪಿಎಂ ಜೊತೆಗೆ ಗಾಡಿಯ ವೇಗ, ಎಂಜಿನ್ ಮೇಲಿನ ಭಾರ, ಕೂಲಂಟ್‌ನ ಬಿಸಿ ಎಲ್ಲವನ್ನೂ ನೋಡಿಯೇ ಇಸಿಯು ಆದೇಶ ಹೊರಡಿಸುತ್ತದೆ. ಸ್ಪೀಡ್ ಸೆನ್ಸರ್ ಕೆಟ್ಟಿದ್ದರೆ ಎಷ್ಟು ಚೆನ್ನಾಗಿ ವೈರು ಎಳೆದರೂ ಪ್ರಯೋಜನವಿಲ್ಲ. ದೀಪ ಹೊತ್ತಿದರೆ ಡ್ಯಾಶ್‌ಬೋರ್ಡಿನ ಕೆಳಗಿನ ಎರಡು ಪಿನ್ನಿನ ಸರ್ವಿಸ್ ಕನೆಕ್ಟರನ್ನು ಜೋಡಿಸಿ ಮಿನುಗು ಎಣಿಸಬೇಕು. ಎರಡು ಉದ್ದ ಒಂದು ಗಿಡ್ಡ ಬಂದರೆ 21, ಅಂದರೆ ಸೊಲೆನಾಯ್ಡ್‌ನ ದೋಷ. ಎರಡು ಉದ್ದ ಎರಡು ಗಿಡ್ಡ ಬಂದರೆ 22, ರಶೀದಿ ಬಂದಿಲ್ಲ ಎಂದರ್ಥ. 22 ಬಂದಾಗ ವೈರು ಕೀಳುವ ಮೊದಲು ಡಿಪ್‌ಸ್ಟಿಕ್ ಎಳೆದು ಆಯಿಲ್ ನೋಡಬೇಕು. ಸೊಲೆನಾಯ್ಡ್ ಅಡಿಯ ಸಣ್ಣ ಜಾಲರಿಯಲ್ಲಿ ಕೊಳೆ ಕಟ್ಟಿದ್ದರೂ ಇದೇ ಸಂಖ್ಯೆ ಬರುತ್ತದೆ.

ಇನ್ನು ಕಾಯಿದೆಯ ಮಾತು. ಕ್ಯಾಲಿಫೋರ್ನಿಯಾದಲ್ಲಿ ಕೂರಿಸುವ ಎಂಜಿನ್ ಕಾರಿನ ವರ್ಷದ್ದೋ ಅದಕ್ಕಿಂತ ಹೊಸದೋ ಆಗಿರಬೇಕು. ಹೊಗೆ ನಿಯಂತ್ರಣದ ಎಲ್ಲ ಸಾಮಾನುಗಳೂ ಜೊತೆಗಿರಬೇಕು. ಸರಕಾರ ಗೊತ್ತುಮಾಡಿದ ಕೇಂದ್ರದಲ್ಲಿ ತಪಾಸಣೆ ಆಗಬೇಕು. ಭಾರತದಲ್ಲಿ ಬಿಗಿ ಇನ್ನೂ ಹೆಚ್ಚು. ಮೋಟಾರು ವಾಹನ ಕಾಯಿದೆಯ 52ನೇ ಕಲಮಿನ ಪ್ರಕಾರ ತಯಾರಕರು ಕೊಟ್ಟ ವಿವರಗಳಿಗೆ ವ್ಯತಿರಿಕ್ತವಾಗಿ ಗಾಡಿಯನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನು ಸ್ಪಷ್ಟಪಡಿಸಿದೆ. ಎಂಜಿನ್ ನಂಬರು ಆರ್‌ಸಿಯಲ್ಲೂ ವಿಮೆಯ ಪಾಲಿಸಿಯಲ್ಲೂ ಇರುತ್ತದೆ. ಮನೆಯ ಹಳೆಯ ಸಿಟಿ ಕಾರಿಗೆ ವಿಟೆಕ್ ಎಂಜಿನ್ ಹಾಕಿಸುವ ಆಸೆ ಯಾರಿಗಾದರೂ ಹುಟ್ಟಿದರೆ, ಗ್ಯಾರೇಜಿಗೆ ಮುಂಗಡ ಕೊಡುವ ಮೊದಲು ಆರ್‌ಸಿ ಹಿಡಿದು ಆರ್‌ಟಿಓ ಕಚೇರಿಯಲ್ಲಿ ವಿಚಾರಿಸಬೇಕಾಗುತ್ತದೆ.