ಶ್ವಾಸಕವಚದ ರಕ್ಷಣಾವಧಿನಿರ್ಣಯ

ಬಣ್ಣ, ವಾರ್ನಿಷು, ಅಂಟು, ಮುದ್ರಣದ ಮಸಿ, ಔಷಧ ಮೊದಲಾದವುಗಳನ್ನು ಸಿದ್ಧಪಡಿಸುವ ಅಥವಾ ಬಳಸುವ ಕಾರ್ಖಾನೆಗಳಲ್ಲಿ ಕೆಲಸಗಾರರು ಮೂಗುಬಾಯಿಗಳನ್ನು ಮುಚ್ಚುವ ರಬ್ಬರಿನ ಕವಚವೊಂದನ್ನು ಧರಿಸುವುದುಂಟು. ಅದರ ಎರಡು ಪಕ್ಕಗಳಲ್ಲಿಯೂ ಇದ್ದಿಲು ತುಂಬಿದ ಸಣ್ಣ ಡಬ್ಬಿಗಳಿರುತ್ತವೆ. ಇವಕ್ಕೆ ಕಾರ್ಟ್ರಿಜ್ಜುಗಳೆಂದು ಹೆಸರು. ಒಳಕ್ಕೆಳೆದ ಗಾಳಿಯು ಈ ಇದ್ದಿಲಿನ ಮೂಲಕ ಹಾದುಬರುವಾಗ, ಅದರಲ್ಲಿ ಬೆರೆತ ವಿಷದ ಆವಿಯು ಅಲ್ಲಿಯೇ ಉಳಿದು, ಶುದ್ಧವಾದ ಗಾಳಿ ಮಾತ್ರ ಶ್ವಾಸಕೋಶವನ್ನು ಸೇರುವುದು. ಈ ರಕ್ಷಣೆಯು ಎಷ್ಟು ಹೊತ್ತು ನಡೆಯುವುದು, ಡಬ್ಬಿಯನ್ನು ಯಾವಾಗ ಬದಲಾಯಿಸತಕ್ಕದ್ದು ಎಂಬುದನ್ನು ವಿಚಾರಿಸುವುದೇ ಪ್ರಕೃತ ಲೇಖನದ ಉದ್ದೇಶ.

ಸಾಹಿತ್ಯ ಶಾಸ್ತ್ರಗಳ ವ್ಯಾಸಂಗಕ್ಕೆ ಮೀಸಲಾದ ಪತ್ರಿಕೆಯಲ್ಲಿ ಈ ವಿಷಯಕ್ಕೆ ಪ್ರಸಕ್ತಿಯೇನೆಂದು ವಾಚಕರು ಕೇಳಬಹುದು. ಪ್ರಸಕ್ತಿಯು ಎರಡು ಬಗೆಯಾಗಿದೆ. ಮೊದಲನೆಯದು ಶಬ್ದಕ್ಕೆ ಸಂಬಂಧಿಸಿದ್ದು. ಡಬ್ಬಿಯ ಹೊದಿಕೆಯ ಮೇಲೆ ತಿಂಗಳು ವರ್ಷಗಳನ್ನು ಅಚ್ಚುಮಾಡಿರುವರು. ಮೊಹರು ಒಡೆಯದೆ ಇಟ್ಟ ಡಬ್ಬಿಯು ಆ ದಿನದವರೆಗೆ ಕೆಡದೆ ಇರುವುದೆಂಬುದಷ್ಟೇ ಅದರ ಅರ್ಥ. ಮೊಹರು ಒಡೆದು ಧರಿಸಿದ ಮೇಲೆ ವಿಷವನ್ನು ತಡೆಯುವ ಕಾಲವು ಬೇರೆ. ಮೊದಲನೆಯದನ್ನು ವರ್ಷಗಳಲ್ಲಿ ಎಣಿಸುವರು. ಎರಡನೆಯದನ್ನು ಗಂಟೆಗಳಲ್ಲಿ ಎಣಿಸಬೇಕು. ಕನ್ನಡದಲ್ಲಿ ಎರಡಕ್ಕೂ ‘ಬಾಳಿಕೆ’ ಎಂಬ ಒಂದೇ ಮಾತನ್ನು ಬಳಸಿದರೆ, ಹೊದಿಕೆಯ ಮೇಲಿನ ವರ್ಷವನ್ನು ಓದಿದ ಕೆಲಸಗಾರನು ಹಳೆಯ ಡಬ್ಬಿಯನ್ನೇ ನಂಬಿ ತಿಂಗಳುಗಟ್ಟಲೆ ವಿಷವನ್ನು ಸೇವಿಸುವ ಸಂಭವವುಂಟು. ಸೂಚನಾಪತ್ರಗಳನ್ನು ಕನ್ನಡಿಸುವ ಕೆಲಸವು ಭಾಷಾಧ್ಯಾಪಕರ ಪಾಲಿಗೆ ಬರುವುದು ಅಪೂರ್ವವಲ್ಲ. ಆದಕಾರಣ ಮೊದಲನೆಯದನ್ನು ‘ಸಂಗ್ರಹಾವಧಿ’ ಎಂತಲೂ ಎರಡನೆಯದನ್ನು ‘ರಕ್ಷಣಾವಧಿ’ ಎಂತಲೂ ಈ ಲೇಖನದಲ್ಲಿ ವಿಂಗಡಿಸಿದೆ. ಎರಡನೆಯ ಪ್ರಸಕ್ತಿಯು ಪ್ರಮಾಣವಿಚಾರಕ್ಕೆ ಸೇರಿದ್ದು. ರಕ್ಷಣಾವಧಿಯು ಪ್ರತ್ಯಕ್ಷದಿಂದ ತಿಳಿಯತಕ್ಕದ್ದೋ ಅನುಮಾನದಿಂದ ತಿಳಿಯತಕ್ಕದ್ದೋ ಎಂಬುದು ನಮ್ಮ ತರ್ಕಶಾಸ್ತ್ರದವರಿಗೂ ರುಚಿಸತಕ್ಕ ಪ್ರಶ್ನೆ.

೧. ಇದ್ದಿಲಿನ ವ್ಯಾಪಾರ

ಇದ್ದಿಲು ಆವಿಯನ್ನು ಹಿಡಿಯುವ ರೀತಿಯು ಬಟ್ಟೆಯು ನೀರನ್ನು ಹೀರುವಂತಹುದಲ್ಲ. ಆವಿಯ ಕಣಗಳು ಇದ್ದಿಲಿನೊಳಗಿನ ಅತಿಸೂಕ್ಷ್ಮವಾದ ರಂಧ್ರಗಳ ಗೋಡೆಗೆ ಅಂಟಿಕೊಳ್ಳುತ್ತವೆ. ೧೮೮೧ರಲ್ಲಿ ಜರ್ಮನಿಯ ಹೈನ್ರಿಷ್ ಕೈಸರನು ಈ ಕ್ರಿಯೆಗೆ ‘ಅಡ್ಸಾರ್ಪ್ಷನ್’ ಎಂಬ ಹೆಸರನ್ನು ಬಳಕೆಗೆ ತಂದನು. ಮೇಲೆ ಅಂಟುವುದೆಂಬ ಅರ್ಥವನ್ನು ‘ಅಧಿ’ ಎಂಬ ಉಪಸರ್ಗವು ಸೂಚಿಸುವುದರಿಂದ, ‘ಅಧಿಶೋಷಣ’ವೆಂಬ ಮಾತು ಕನ್ನಡದಲ್ಲಿ ಇದಕ್ಕೆ ಚೆನ್ನಾಗಿ ಒಪ್ಪುವುದು. ಉಗಿ ಮೊದಲಾದವುಗಳಿಂದ ಸಂಸ್ಕರಿಸಿ ಪಟುಗೊಳಿಸಿದ ಒಂದು ಗ್ರಾಂ ಇದ್ದಿಲಿನ ರಂಧ್ರಗಳ ಗೋಡೆಗಳನ್ನೆಲ್ಲ ಬಿಡಿಸಿ ಹಾಸಿದರೆ ಸುಮಾರು ೧,೦೦೦ ಚದರ ಮೀಟರು, ಎಂದರೆ ಹತ್ತು ಗುಂಟೆ ನೆಲದಷ್ಟು, ಆಗುವುದು. ತೆಂಗಿನ ಕರಟದ ಇದ್ದಿಲು ಗಟ್ಟಿಯಾಗಿಯೂ ಸೂಕ್ಷ್ಮರಂಧ್ರಗಳಿಂದ ತುಂಬಿಯೂ ಇರುವುದರಿಂದ ಈ ಕಾರ್ಯಕ್ಕೆ ಬಹು ಪ್ರಶಸ್ತವೆನಿಸಿದೆ.

ಈ ವಿದ್ಯೆಯು ಬೇಗ ಬೆಳೆದದ್ದು ಯುದ್ಧದ ದೆಸೆಯಿಂದ. ೧೯೧೫ನೆಯ ಏಪ್ರಿಲ್ ೨೨ರಂದು ಬೆಲ್ಜಿಯಂ ದೇಶದ ಈಪರ್ ಎಂಬಲ್ಲಿ ಜರ್ಮನ್ ಸೈನ್ಯವು ಕ್ಲೋರಿನ್ ಅನಿಲವನ್ನು ಗಾಳಿಗೆ ಬಿಟ್ಟಿತು. ಅದೇ ವರ್ಷ ರಷ್ಯದ ನಿಕೊಲಾಯ್ ಜೆಲಿನ್‌ಸ್ಕಿಯು ಪಟುಗೊಳಿಸಿದ ಇದ್ದಿಲನ್ನು ಶ್ವಾಸರಕ್ಷಣೆಗೆ ಉಪಯೋಗಿಸುವ ಮಾರ್ಗವನ್ನು ತೋರಿಸಿದನು. ೧೯೧೮ರಲ್ಲಿ ಅಮೆರಿಕದಲ್ಲಿ ಈ ಇದ್ದಿಲಿಗೋಸ್ಕರ ಪೀಚ್ ಹಣ್ಣಿನ ಓಟೆಗಳನ್ನೂ ಕಾಯಿಗಳ ಚಿಪ್ಪುಗಳನ್ನೂ ಪ್ರಜೆಗಳಿಂದ ಸಂಗ್ರಹಿಸಿದರು. ಯೋಧನ ಪ್ರಾಣವು ಇದ್ದಿಲಿನ ಒಂದು ಪದರವನ್ನು ಅವಲಂಬಿಸಿದಾಗ, ಅದು ಎಷ್ಟು ಹೊತ್ತು ಕಾಯುವುದೆಂಬ ಪ್ರಶ್ನೆಯೂ ತಾನಾಗಿ ಎದ್ದಿತು.

೨. ಮೂಗಿನ ಸಾಕ್ಷ್ಯ

ಬಹುಕಾಲ ಈ ಪ್ರಶ್ನೆಗೆ ಕೊಡುತ್ತಿದ್ದ ಉತ್ತರವು ಸುಲಭವಾಗಿತ್ತು: ವಾಸನೆ ತಿಳಿದೊಡನೆ ಡಬ್ಬಿಯನ್ನು ಬದಲಾಯಿಸತಕ್ಕದ್ದು. ಇಲ್ಲಿ ‘ಗಂಧವಿಲ್ಲದ್ದರಿಂದ ವಿಷವಿಲ್ಲ’ ಎಂಬ ಅನುಮಾನವು ಅಡಗಿದೆ. ಇದರ ಹೇತುವು ಸವ್ಯಭಿಚಾರವೆಂದು ಸುಲಭವಾಗಿ ತೋರಿಸಬಹುದು. ಬೆನ್ಜೀನು ರಕ್ತದ ಕ್ಯಾನ್ಸರನ್ನು ಉಂಟುಮಾಡತಕ್ಕ ದ್ರವ. ಕೆಲಸದ ಸ್ಥಳದ ಗಾಳಿಯಲ್ಲಿ ಎಂಟು ಗಂಟೆಗಳ ಸರಾಸರಿಗೆ ಹತ್ತು ಲಕ್ಷದಲ್ಲಿ ಒಂದು ಪಾಲಿಗಿಂತ ಹೆಚ್ಚು ಬೆನ್ಜೀನು ಇರಕೂಡದೆಂದು ಅಮೆರಿಕದಲ್ಲಿ ೧೯೮೭ರಲ್ಲಿ ನಿಯಮಿಸಿದರು. ಮೂಗಿಗೆ ಅದರ ವಾಸನೆಯು ಸಾಮಾನ್ಯವಾಗಿ ತಿಳಿಯುವುದು ಈ ಮಿತಿಯನ್ನು ದಾಟಿದ ಮೇಲೆಯೇ. ಮೋಟಾರು ಗಾಡಿಗಳಿಗೆ ಸಿಂಪಡಿಸುವ ಕೆಲವು ಬಣ್ಣಗಳಲ್ಲಿರುವ ಐಸೊಸಯನೇಟುಗಳೂ ಇದೇ ಜಾತಿಯವು. ಅವು ವಾಸನೆಯಿಂದ ಸಕಾಲದಲ್ಲಿ ಎಚ್ಚರಿಸುವುದಿಲ್ಲ. ಹೈಡ್ರೊಜನ್ ಸಲ್ಫೈಡಿನ ಕೊಳೆತ ಮೊಟ್ಟೆಯ ವಾಸನೆಯು ಮೊದಲು ತಿಳಿದರೂ, ಸಾರತೆ ಹೆಚ್ಚಿದಂತೆ ಅದು ಘ್ರಾಣೇಂದ್ರಿಯವನ್ನೇ ಮರಗಟ್ಟಿಸಿಬಿಡುವುದು. ಎಲ್ಲಕ್ಕಿಂತ ಮುಖ್ಯವಾಗಿ, ವಾಸನೆಯು ತಿಳಿಯುವ ಕ್ಷಣವೆಂದರೆ ವಿಷವು ಒಳಗೆ ಬಂದಿರುವ ಕ್ಷಣವೇ. ಬೆಂಕಿಯನ್ನು ಕೈಸುಟ್ಟುಕೊಂಡು ತಿಳಿಯುವ ಪ್ರತ್ಯಕ್ಷವು ಪ್ರಮಾಣವೇನೋ ಅಹುದು. ರಕ್ಷಣೆಗೆ ಮಾತ್ರ ನಿರುಪಯೋಗಿ.

ಕಣ್ಣಿನ ಸಾಕ್ಷ್ಯವೂ ಇಲ್ಲಿ ದೊರೆಯುವುದಿಲ್ಲ. ತುಂಬಿಹೋದ ಇದ್ದಿಲು ಬಣ್ಣದಲ್ಲಿಯೂ ರೂಪದಲ್ಲಿಯೂ ಹೊಸದರಂತೆಯೇ ಇರುವುದು. ಕೆಲವು ಡಬ್ಬಿಗಳಲ್ಲಿ ಬಣ್ಣ ಬದಲಾಯಿಸುವ ಸೂಚಕವನ್ನು ಇಟ್ಟಿರುವರಾದರೂ, ಎಲ್ಲ ವಿಷಗಳಿಗೂ ಅಂಥ ಸೂಚಕವಿಲ್ಲ. ಹೀಗಿರಲು ಉಳಿದದ್ದು ಅನುಮಾನವೊಂದೇ.

೩. ಗಣನೆಯ ಕ್ರಮ

ಇದ್ದಿಲಿನ ಪದರದಲ್ಲಿ ಗಾಳಿಯು ಹೊರಗಿನಿಂದ ಒಳಕ್ಕೆ ಸಾಗುವಾಗ ಮೂರು ವಲಯಗಳು ಏರ್ಪಡುತ್ತವೆ. ಹೊರಗಿನದು ಆವಿಯಿಂದ ತುಂಬಿಹೋದ ವಲಯ. ನಡುವಿನದು ಆವಿಯನ್ನು ಹಿಡಿಯುತ್ತಿರುವ ವಲಯ. ಒಳಗಿನದು ಇನ್ನೂ ಶುದ್ಧವಾಗಿರುವ ವಲಯ. ಕಾಲ ಕಳೆದಂತೆ ನಡುವಣ ವಲಯವು ಒಳಮುಖವಾಗಿ ಸರಿಯುತ್ತದೆ. ಅದರ ಮುಂಚೂಣಿಯು ಕೊನೆಯನ್ನು ಮುಟ್ಟಿ ಆವಿಯು ಹೊರಬೀಳುವುದನ್ನು ‘ಭೇದನ’ವೆನ್ನಬಹುದು. ರಕ್ಷಣಾವಧಿಯು ಮುಗಿಯುವುದು ಇಲ್ಲಿಗೆ. ಇದ್ದಿಲೆಲ್ಲವೂ ತುಂಬಿದಾಗ ಅಲ್ಲ. ೧೯೨೯ರಲ್ಲಿ ರಷ್ಯದ ಶಿಲೋವನೂ ಅವನ ಸಹೋದ್ಯೋಗಿಗಳೂ ಇದನ್ನೇ ಸೂತ್ರವಾಗಿ ನಿರೂಪಿಸಿದರು: ರಕ್ಷಣೆಯ ಕಾಲವು ಪದರದ ಉದ್ದಕ್ಕೆ ಅನುಗುಣವಾಗಿ ಹೆಚ್ಚುವುದು, ಆದರೆ ಅದರಿಂದ ಒಂದು ಅಂಶವನ್ನು ಕಳೆಯಬೇಕು.

ಒಂದು ಉದಾಹರಣೆಯಿಂದ ಇದನ್ನು ವಿಶದಪಡಿಸಬಹುದು; ಇಲ್ಲಿಯ ಅಂಕೆಗಳು ಗಣನೆಯ ರೀತಿಯನ್ನು ತೋರಿಸುವುದಕ್ಕಾಗಿ ಕಲ್ಪಿಸಿದವು. ಎರಡು ಡಬ್ಬಿಗಳಲ್ಲಿಯೂ ಸೇರಿ ೬೦ ಗ್ರಾಂ ಇದ್ದಿಲಿರಲಿ. ಪ್ರತಿಯೊಂದು ಗ್ರಾಂ ೦.೩ ಗ್ರಾಂ ಆವಿಯನ್ನು ಹಿಡಿಯಲಿ. ಒಟ್ಟು ಧಾರಣಶಕ್ತಿ ೧೮ ಗ್ರಾಂ ಆಯಿತು. ಒಂದು ಘನ ಮೀಟರು ಗಾಳಿಯಲ್ಲಿ ೧ ಗ್ರಾಂ ಆವಿಯಿರಲಿ. ಕೆಲಸಗಾರನು ನಿಮಿಷಕ್ಕೆ ೩೦ ಲೀಟರು ಗಾಳಿಯನ್ನು ಎಳೆದರೆ ಗಂಟೆಗೆ ೧.೮ ಘನ ಮೀಟರು, ಎಂದರೆ ೧.೮ ಗ್ರಾಂ ಆವಿಯು, ಡಬ್ಬಿಯನ್ನು ಸೇರುವುದು. ೧೮ನ್ನು ೧.೮ರಿಂದ ಭಾಗಿಸಿದರೆ ೧೦ ಗಂಟೆ ಬರುತ್ತದೆ. ಭೇದನದ ಕ್ಷಣದಲ್ಲಿ ನಡುವಣ ವಲಯವು ಪೂರ್ತಿ ತುಂಬಿರುವುದಿಲ್ಲವಾದ್ದರಿಂದ ಅದಕ್ಕಾಗಿ ೨ ಗಂಟೆ ಕಳೆದರೆ ಉಳಿಯುವುದು ೮ ಗಂಟೆ. ಅದೇ ಮನುಷ್ಯನು ಭಾರವಾದ ಕೆಲಸದಲ್ಲಿ ತೊಡಗಿ ನಿಮಿಷಕ್ಕೆ ೬೦ ಲೀಟರು ಎಳೆದರೆ ಮೊದಲಿನ ಭಾಗಲಬ್ಧವೇ ೫ ಗಂಟೆಗೆ ಇಳಿಯುವುದು. ಕಳೆಯತಕ್ಕ ಅಂಶವು ಆಮೇಲೂ ಇದ್ದೇ ಇದೆ.

ಒಂದು ಗ್ರಾಂ ಇದ್ದಿಲು ಎಷ್ಟು ಆವಿಯನ್ನು ಹಿಡಿಯುವುದೆಂಬುದನ್ನು ನೂರಾರು ದ್ರವಗಳಿಗೂ ಪರೀಕ್ಷಿಸಿ ನೋಡುವುದು ದುಸ್ಸಾಧ್ಯ. ೧೯೪೭ರಲ್ಲಿ ದುಬಿನಿನ್, ರದುಷ್ಕೆವಿಚ್ ಎಂಬ ರಷ್ಯದ ವಿದ್ವಾಂಸರು ಸೂಕ್ಷ್ಮರಂಧ್ರಗಳು ತುಂಬುವ ಕ್ರಮಕ್ಕೆ ಒಂದು ಸಮೀಕರಣವನ್ನು ಕೊಟ್ಟರು. ಇದರಿಂದ ಒಂದು ಆವಿಯ ಪರೀಕ್ಷೆಯ ಆಧಾರದ ಮೇಲೆ ಮತ್ತೊಂದರ ಧಾರಣವನ್ನು ಊಹಿಸುವುದು ಸಾಧ್ಯವಾಯಿತು. ವೀಲರ್ ಮತ್ತು ಜೋನಾಸ್ ಎಂಬವರ ಹೆಸರಿನ ಸಮೀಕರಣವು ಭೇದನಕಾಲವನ್ನು ಮೇಲಿನಂತೆ ಗಣಿಸುವ ಕ್ರಮವನ್ನು ಕೊಟ್ಟಿತು. ಅಮೆರಿಕದ ಲಾಸ್ ಅಲಾಮೋಸಿನಲ್ಲಿ ಜೆರಿ ವುಡ್ ಎಂಬ ವಿಜ್ಞಾನಿಯು ಇವೆರಡನ್ನೂ ಕೂಡಿಸಿ, ಡಬ್ಬಿಗಳ ರಕ್ಷಣಾವಧಿಯನ್ನು ಅಂದಾಜುಮಾಡುವ ವಿಧಾನವನ್ನು ೧೯೯೪ರಲ್ಲಿ ಪ್ರಕಟಿಸಿದನು.

೪. ಉಪಾಧಿಗಳು

‘ಎಲ್ಲಿ ವಹ್ನಿಯೋ ಅಲ್ಲಿ ಧೂಮ’ ಎಂಬ ವ್ಯಾಪ್ತಿಯು ಕೆಂಪಗೆ ಕಾಯಿಸಿದ ಕಬ್ಬಿಣದ ಗುಂಡಿನಲ್ಲಿ ಭಗ್ನವಾಗುವುದೆಂತಲೂ, ಹಸಿಯ ಸೌದೆಯ ಸಂಯೋಗವು ಅಲ್ಲಿ ಉಪಾಧಿಯೆಂತಲೂ ನೈಯಾಯಿಕರು ಹೇಳುವರು. ರಕ್ಷಣಾವಧಿಯ ಅನುಮಾನದಲ್ಲಿಯೂ ಉಪಾಧಿಗಳನ್ನು ಮರೆತವನು ಮೋಸಹೋಗುವನು.

ಮೊದಲನೆಯದು ಇಲ್ಲಿಯೂ ಆರ್ದ್ರತೆಯೇ. ಗಾಳಿಯಲ್ಲಿ ತೇವ ಹೆಚ್ಚಿದರೆ ನೀರಿನ ಆವಿಯೇ ರಂಧ್ರಗಳನ್ನು ಆಕ್ರಮಿಸುವುದು. ಸಾಪೇಕ್ಷ ಆರ್ದ್ರತೆಯು ಶೇಕಡ ೮೫ನ್ನು ಮೀರಿದರೆ ರಕ್ಷಣಾವಧಿಯು ಅರ್ಧಕ್ಕೆ ಇಳಿಯುವುದೆಂದು ಸ್ಥೂಲನಿಯಮವುಂಟು. ನಮ್ಮ ಕರಾವಳಿಯ ಮಳೆಗಾಲದಲ್ಲಿ ಈ ಮಟ್ಟದ ಆರ್ದ್ರತೆಯು ನಿತ್ಯದ ಸಂಗತಿಯಾದ್ದರಿಂದ, ಒಣಹವೆಯಲ್ಲಿ ನಡೆಸಿದ ಪರೀಕ್ಷೆಯ ಅಂಕೆಗಳನ್ನು ಮಂಗಳೂರಿನಲ್ಲಿ ಹಾಗೆಯೇ ನಂಬಲಾಗದು. ಎರಡನೆಯದು ಸಾರತೆ. ಆವಿಯ ಸಾರತೆ ಹತ್ತರಲ್ಲೊಂದು ಪಾಲಾದರೆ ಅವಧಿಯು ಹತ್ತು ಪಟ್ಟಾಗುವುದಿಲ್ಲ, ಸುಮಾರು ಐದು ಪಟ್ಟು ಮಾತ್ರ ಆಗುವುದು. ಏಕೆಂದರೆ ತೆಳುವಾದ ಆವಿಯನ್ನು ಇದ್ದಿಲು ಗ್ರಾಂ ಒಂದಕ್ಕೆ ಕಡಿಮೆಯಾಗಿಯೇ ಹಿಡಿಯುವುದು. ಮೂರನೆಯದು ದ್ರವದ ಸ್ವಭಾವ. ಕುದಿಯುವ ಬಿಂದು ಕೆಳಗಿರುವ ದ್ರವಗಳ ಆವಿಯು ಸಡಿಲವಾಗಿ ಅಂಟುವುದು. ಮೆಥನಾಲು ೬೫ ಡಿಗ್ರಿಯಲ್ಲಿ ಕುದಿಯುವುದರಿಂದ ಬೇಗನೆ ಭೇದಿಸಿ ಬರುವುದು. ನಾಲ್ಕನೆಯದು ಮಿಶ್ರಣ. ಬಲವಾಗಿ ಅಂಟುವ ಆವಿಯು ದುರ್ಬಲವಾದುದನ್ನು ಸ್ಥಾನಭ್ರಷ್ಟಗೊಳಿಸಿ ಮುಂದಕ್ಕೆ ತಳ್ಳುವುದು. ಐದನೆಯದು ವಿರಾಮ. ಅರ್ಧ ಬಳಸಿದ ಡಬ್ಬಿಯನ್ನು ರಾತ್ರಿ ಎತ್ತಿಟ್ಟರೆ, ಸಡಿಲವಾದ ಆವಿಯು ಇದ್ದಿಲಿನೊಳಗೆ ತಾನಾಗಿ ಹರಡಿ ಒಳಬದಿಯನ್ನು ಮುಟ್ಟಬಹುದು. ಆಗ ಮರುದಿನದ ಮೊದಲನೆಯ ಉಸಿರಿನಲ್ಲಿಯೇ ವಿಷವಿರುವುದು. ಕೆಲಸವಿಲ್ಲದ ಕಾಲವನ್ನು ಲೆಕ್ಕಕ್ಕೆ ಸೇರಿಸದೆ ಗಂಟೆಗಳನ್ನು ಮಾತ್ರ ಕೂಡಿಸುವವನು ಇಲ್ಲಿ ತಪ್ಪುವನು.

ಇದ್ದಿಲು ಹಿಡಿಯಲಾರದ ವಿಷಗಳೂ ಉಂಟು. ಕಾರ್ಬನ್ ಮಾನಾಕ್ಸೈಡನ್ನು ಅದು ತಡೆಯದು; ಆಮ್ಲಜನಕದ ಕೊರತೆಯನ್ನು ಯಾವ ಡಬ್ಬಿಯೂ ತುಂಬಲಾರದು. ಅಲ್ಲಿ ಅವಧಿಯ ಗಣನೆಗೆ ಅವಕಾಶವೇ ಇಲ್ಲ.

೫. ನಿರ್ಣಯ

ಅಮೆರಿಕದ ಔದ್ಯೋಗಿಕ ಸುರಕ್ಷತಾ ಮತ್ತು ಆರೋಗ್ಯ ಆಡಳಿತವು ೧೯೯೮ರಲ್ಲಿ ಪ್ರಕಟಿಸಿದ ನಿಯಮದಲ್ಲಿ, ಡಬ್ಬಿಯಲ್ಲಿ ಯೋಗ್ಯವಾದ ಸೂಚಕವಿಲ್ಲದ ಪಕ್ಷದಲ್ಲಿ, ಆಧಾರಸಹಿತವಾದ ಬದಲಾವಣೆಯ ವೇಳಾಪಟ್ಟಿಯನ್ನು ಯಜಮಾನನೇ ಸಿದ್ಧಪಡಿಸತಕ್ಕದ್ದೆಂದು ವಿಧಿಸಿತು. ಬೆನ್ಜೀನಿನ ವಿಷಯದಲ್ಲಿ ಅಲ್ಲಿಯ ನಿಯಮವು ಇನ್ನೂ ಕಟ್ಟುನಿಟ್ಟು: ರಕ್ಷಣಾವಧಿಯ ಅಂತ್ಯ, ಪ್ರತಿ ಪಾಳಿಯ ಆರಂಭ, ಇವೆರಡರಲ್ಲಿ ಯಾವುದು ಮೊದಲೋ ಆಗಲೇ ಹೊಸ ಡಬ್ಬಿಯನ್ನು ಹಾಕಬೇಕು. ಈ ವಿಧಿಗಳ ತಾತ್ಪರ್ಯವು ಗಮನಾರ್ಹವಾದದ್ದು. ನಿರ್ಣಯದ ಭಾರವು ಕೆಲಸಗಾರನ ಮೂಗಿನಿಂದ ಯಜಮಾನನ ಲೆಕ್ಕಕ್ಕೆ ವರ್ಗವಾಯಿತು.

ಇದರಿಂದ ಸಿದ್ಧವಾಗುವುದೇನೆಂದರೆ, ರಕ್ಷಣಾವಧಿಯು ಡಬ್ಬಿಯಲ್ಲಿ ಅಡಕವಾದ ಗುಣವಲ್ಲ. ಅದು ಇದ್ದಿಲು, ಆವಿ, ಉಸಿರು, ಹವೆ, ಕಾಲ ಇವುಗಳ ಸಂಬಂಧದಿಂದ ಹುಟ್ಟುವುದು. ಇವುಗಳಲ್ಲಿ ಒಂದು ಬದಲಾದರೂ ಅವಧಿಯು ಬದಲಾಗುವುದು. ಆದ್ದರಿಂದ ‘ಈ ಡಬ್ಬಿಯ ಬಾಳಿಕೆ ಇಷ್ಟು’ ಎಂದು ಬರೆಯುವುದು ಶಬ್ದದೋಷ ಮಾತ್ರವಲ್ಲ, ಅರ್ಥದೋಷವೂ ಹೌದು. ‘ಇಂಥ ಆವಿಯಲ್ಲಿ, ಇಷ್ಟು ಸಾರತೆಯಲ್ಲಿ, ಇಂಥ ಕೆಲಸದಲ್ಲಿ, ಇಂಥ ಹವೆಯಲ್ಲಿ ರಕ್ಷಣಾವಧಿಯು ಇಷ್ಟು ಗಂಟೆ’ ಎಂದು ಬರೆಯತಕ್ಕದ್ದು. ವಾಕ್ಯವು ದೀರ್ಘವಾಗುವುದು ನಿಜ. ಆದರೆ ಅದನ್ನು ಮೊಟಕುಗೊಳಿಸಿದಾಗ ಬಿಟ್ಟುಹೋಗುವುದು ಒಬ್ಬನ ಉಸಿರೆಂಬುದನ್ನು ಕನ್ನಡಿಸುವವರು ಮರೆಯಬಾರದು.